ಸಹಾಯವಾಣಿಯಲ್ಲಿ ತಂತ್ರಜ್ಞರೇ ಸಿಗಬೇಕೆ?

ಮನೆಯ ಇಂಟರ್ನೆಟ್ ಕೆಟ್ಟರೆ ಒಂದು ಸಿನಿಮಾ ತಪ್ಪಿತು ಎಂದು ಸುಮ್ಮನಿರುವ ಕಾಲ ಹೋಯಿತು. ಕಚೇರಿ ಕೆಲಸ, ಮಕ್ಕಳ ಕೋಚಿಂಗ್ ಕ್ಲಾಸು, ಅಂಗಡಿಯ ಬಿಲ್ಲು, ಊರಲ್ಲಿ ಒಬ್ಬರೇ ಇರುವ ಅಪ್ಪ-ಅಮ್ಮನ ಮನೆಯ ಕ್ಯಾಮೆರಾ ಎಲ್ಲವೂ ಒಂದೇ ಎಳೆ ಫೈಬರನ್ನು ನಂಬಿಕೊಂಡಿವೆ. ದೇಶದಲ್ಲಿ ತಂತಿಯ ಮೂಲಕ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡವರ ಸಂಖ್ಯೆ 4 ಕೋಟಿ ದಾಟಿದೆ.

ಇವರ ದೂರು ಕೇಳುವುದಕ್ಕೆ ನಿಯಮಗಳಿಗೇನೂ ಬರವಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2012ರಲ್ಲಿ ತಂದ ನಿಯಮಾವಳಿಯ ಪ್ರಕಾರ ಪ್ರತಿ ದೂರಿಗೂ ಡಾಕೆಟ್ ನಂಬರ್ ಕೊಡಬೇಕು. ಪರಿಹಾರ ಸಮಾಧಾನ ತರದಿದ್ದರೆ 30 ದಿನದೊಳಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅದು 39 ದಿನದೊಳಗೆ ತೀರ್ಮಾನ ಹೇಳಬೇಕು. ಟೆಲಿಕಾಂ ಗ್ರಾಹಕರು ಗ್ರಾಹಕ ಆಯೋಗಕ್ಕೂ ಹೋಗಬಹುದೆಂದು 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸೇವಾ ಗುಣಮಟ್ಟದ ಹೊಸ ನಿಯಮಗಳು 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿವೆ. ಇಷ್ಟಾದರೂ ಜನರ ಗೊಣಗಾಟ ನಿಂತಿಲ್ಲ: "ಫೋನ್ ಎತ್ತುತ್ತಾರೆ ಸ್ವಾಮಿ, ಆದರೆ ಎತ್ತಿದವರಿಗೆ ಏನೂ ಗೊತ್ತಿರುವುದಿಲ್ಲ."

ಹಾಗಾದರೆ, ಗ್ರಾಹಕರು ಕೇಳಿದರೆ ಅದೇ ಕರೆಯಲ್ಲಿ ತರಬೇತಿ ಪಡೆದ ನೆಟ್‌ವರ್ಕ್ ತಂತ್ರಜ್ಞರಿಗೆ ಲೈನ್ ಕೊಡಲೇಬೇಕು ಎಂದು ಇಂಟರ್ನೆಟ್ ಕಂಪನಿಗಳನ್ನು ಕಾನೂನಿನಿಂದಲೇ ಕಟ್ಟಿಹಾಕಬೇಕೆ?

ಪರ
ಬಲ್ಲವರ ತನಕ ತಲುಪುವುದೂ ಸೇವೆಯ ಭಾಗ

ಸಂಪರ್ಕ ಪೂರ್ತಿ ಹೋಗಿದ್ದರೆ ತೊಂದರೆ ಕಡಿಮೆ. ರೂಟರಿನಲ್ಲಿ 'ಲಾಸ್' ದೀಪ ಕೆಂಪಗೆ ಮಿಣುಕುತ್ತದೆ, ಬೆಳಕು ಬರುತ್ತಿಲ್ಲವೆಂದು ಯಾರಿಗಾದರೂ ಅರ್ಥವಾಗುತ್ತದೆ, ಹುಡುಗ ಬಂದು ಜೋಡಿಸಿ ಹೋಗುತ್ತಾನೆ. ಕಷ್ಟ ಇರುವುದು ಬಿಟ್ಟುಬಿಟ್ಟು ಬರುವ ಸಂಪರ್ಕದಲ್ಲಿ. ಆಗ ಸಹಾಯವಾಣಿಯ ಸಂಭಾಷಣೆ ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

"ಮೇಡಂ, ರೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡ್ತೀರಾ?"

"ಎರಡು ಸಲ ಮಾಡಿದೀನಿ. ದೀಪ ಎಲ್ಲ ಸರಿಯಾಗೇ ಇದೆ. ವೈಫೈ ಬಿಟ್ಟು, ಕೇಬಲ್ ಹಾಕಿ ಲ್ಯಾಪ್‌ಟಾಪಿಂದ ನಿಮ್ಮ ಗೇಟ್‌ವೇಗೇ ಪಿಂಗ್ ಮಾಡಿ ನೋಡಿದೆ. ನೂರರಲ್ಲಿ ಇಪ್ಪತ್ತು ಪ್ಯಾಕೆಟ್ ವಾಪಸ್ ಬರ್ತಿಲ್ಲ."

"ಸರಿ ಮೇಡಂ. ವೈಫೈ ಪಾಸ್‌ವರ್ಡ್ ಬದಲಾಯಿಸಿ ನೋಡಿ, ಯಾರಾದ್ರೂ ಬಳಸ್ತಿರಬಹುದು."

ಆ ಹುಡುಗನ ಮೇಲೆ ಸಿಟ್ಟು ಮಾಡಿ ಫಲವಿಲ್ಲ. ಅವನ ಎದುರಿನ ಪರದೆಯ ಮೇಲೆ ಮುಂದಿನ ಪ್ರಶ್ನೆ ಅದೇ ಬಂದಿರುತ್ತದೆ. ಅದನ್ನು ದಾಟಿ ಮಾತಾಡುವ ಅಧಿಕಾರ ಅವನಿಗಿಲ್ಲ. ಆದರೆ ಗ್ರಾಹಕಿ ಅರ್ಧ ರೋಗಪತ್ತೆಯನ್ನು ಮಾಡಿಕೊಟ್ಟಿದ್ದಾರೆ. ಅದನ್ನು ಕೇಳಿ ಅರ್ಥಮಾಡಿಕೊಳ್ಳಬಲ್ಲ ಒಬ್ಬರು ಅದೇ ಕಂಪನಿಯಲ್ಲಿ ಇದ್ದಾರೆ. ಇವರಿಬ್ಬರ ನಡುವೆ ದಾರಿ ಇಲ್ಲ. ನಾವು ಕೇಳುತ್ತಿರುವುದು ಆ ದಾರಿಯನ್ನು ಮಾತ್ರ.

ಒಳಗಿನ ಕೆಲಸ ಹೇಗೆ ನಡೆಯುತ್ತದೆ ನೋಡಿ. ಎಕ್ಸ್‌ಚೇಂಜಿನಿಂದ ಬರುವ ಒಂದು ಎಳೆ ಫೈಬರಿನ ಬೆಳಕನ್ನು ಬೀದಿಯ ಸ್ಪ್ಲಿಟರ್ 16, 32 ಅಥವಾ 64 ಮನೆಗಳಿಗೆ ಹಂಚುತ್ತದೆ. ಮನೆಯ ಪೆಟ್ಟಿಗೆಗೆ ಬರುವ ಬೆಳಕು ಸುಮಾರು ಮೈನಸ್ 27 ಡಿಬಿಎಂಗಿಂತ ಕೆಳಗಿಳಿದರೆ ಸಂಕೇತ ಓದಲು ಕಷ್ಟ. ಮೈನಸ್ 20ರಲ್ಲಿದ್ದ ಲೈನು ಕನೆಕ್ಟರಿಗೆ ದೂಳು ಕೂತು, ಎಲ್ಲೋ ಕೇಬಲ್ ಮಡಚಿ ಮೈನಸ್ 27ಕ್ಕೆ ಬಂದಿತೆಂದರೆ ಬೆಳಕು ಐದನೇ ಒಂದು ಭಾಗಕ್ಕೆ ಇಳಿದಂತೆ. ಅಂಥ ಲೈನು ಸಾಯುವುದೂ ಇಲ್ಲ, ಬದುಕುವುದೂ ಇಲ್ಲ. ದೀಪ ಹಸಿರಾಗೇ ಉರಿಯುತ್ತಿರುತ್ತದೆ. ಬಲ್ಲವರು ಕುಳಿತಲ್ಲಿಂದಲೇ ಆ ಅಂಕಿಯನ್ನೂ, ಸಂಪರ್ಕ ಯಾವ ಯಾವ ಹೊತ್ತಿಗೆ ಬಿದ್ದುಹೋಯಿತು ಎಂಬ ದಾಖಲೆಯನ್ನೂ ನೋಡಬಹುದು. ಅದೇ ಸ್ಪ್ಲಿಟರಿನ ಪಕ್ಕದ ಮನೆಗಳ ಅಂಕಿ ಸರಿಯಿದ್ದರೆ ದೋಷ ನಿಮ್ಮ ಮನೆಗೆ ಬರುವ ತುಂಡಿನಲ್ಲಿದೆ. ಎಲ್ಲರದೂ ಕುಸಿದಿದ್ದರೆ ಬೀದಿಯಲ್ಲಿದೆ. ನೋಡುವವರಿಗೆ ಇದು ಕೆಲವೇ ನಿಮಿಷಗಳ ಕೆಲಸ. ನೋಡುವವರಿಲ್ಲದಿದ್ದರೆ ಮೊದಲ ದಿನ ಒಬ್ಬ ಬಂದು ರೂಟರ್ ಬದಲಿಸುತ್ತಾನೆ, ಇನ್ನೊಂದು ದಿನ ಮತ್ತೊಬ್ಬ ಬಂದು ಅಡಾಪ್ಟರ್ ಬದಲಿಸುತ್ತಾನೆ. ಹೊಟ್ಟೆನೋವಿಗೆ ಹಣೆಗೆ ಅಮೃತಾಂಜನ ಹಚ್ಚಿದ ಹಾಗೆ.

ಇನ್ನೊಂದು ಬಗೆಯ ತೊಂದರೆ ಕೇಳಿ. ಏಷ್ಯಾ-ಪೆಸಿಫಿಕ್ ಪ್ರದೇಶಕ್ಕೆ ಹಂಚಲು ಇದ್ದ ಹಳೆಯ ಮಾದರಿಯ ಐಪಿ ವಿಳಾಸಗಳ ದಾಸ್ತಾನು 2011ರ ಏಪ್ರಿಲ್‌ನಲ್ಲೇ ತಳ ಕಂಡಿತು. ಹಾಗಾಗಿ ಅನೇಕ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಹಲವು ಮನೆಗಳನ್ನು ಇಟ್ಟಿವೆ. ಇದರಿಂದ ಕೆಲವು ಬಗೆಯ ಸಿಸಿ ಕ್ಯಾಮೆರಾಗಳು ಹೊರಗಿನಿಂದ ತೆರೆದುಕೊಳ್ಳುವುದಿಲ್ಲ. ಸಹಾಯವಾಣಿ "ಕ್ಯಾಮೆರಾ ಕಂಪನಿಯವರನ್ನು ಕೇಳಿ" ಎನ್ನುತ್ತದೆ. ಕ್ಯಾಮೆರಾ ಕಂಪನಿ "ಇಂಟರ್ನೆಟ್‌ನವರನ್ನು ಕೇಳಿ" ಎನ್ನುತ್ತದೆ. "ನಿಮ್ಮ ಲೈನಿಗೆ ಸ್ವಂತ ವಿಳಾಸ ಇಲ್ಲ, ಸ್ಟ್ಯಾಟಿಕ್ ಐಪಿ ಹಾಕಿಸಿಕೊಳ್ಳಿ, ಇಲ್ಲವೇ ಐಪಿವಿ6ನಲ್ಲಿ ನೋಡೋಣ" ಎಂಬ ಒಂದೇ ವಾಕ್ಯಕ್ಕೆ ಗ್ರಾಹಕರು ವಾರಗಟ್ಟಲೆ ಅಲೆಯುತ್ತಾರೆ.

ನಿಯಮ ಇದರಲ್ಲೆಲ್ಲ ಕೈ ಹಾಕಬಾರದು ಎನ್ನುವವರಿಗೆ ಹೇಳುವುದು ಇಷ್ಟು: ಈಗಾಗಲೇ ಹಾಕಿದೆ. ಟ್ರಾಯ್‌ನ 2006ರ ಬ್ರಾಡ್‌ಬ್ಯಾಂಡ್ ನಿಯಮಗಳು ನೂರು ಕರೆಗಳಲ್ಲಿ 60ಕ್ಕೆ 60 ಸೆಕೆಂಡಿನೊಳಗೆ, 80ಕ್ಕೆ 90 ಸೆಕೆಂಡಿನೊಳಗೆ ಮನುಷ್ಯರೇ ಉತ್ತರಿಸಬೇಕು ಎಂದಿದ್ದವು. 'ಒಂದನ್ನು ಒತ್ತಿ, ಎರಡನ್ನು ಒತ್ತಿ' ಎನ್ನುವ ಯಂತ್ರದ ಮೂರನೇ ಹಂತದಲ್ಲಿ ಸಿಬ್ಬಂದಿಯ ಜತೆ ಮಾತಾಡುವ ಆಯ್ಕೆ ಇರಲೇಬೇಕೆಂದು 2012ರ ನಿಯಮಾವಳಿ ಹೇಳಿತು. ಯಂತ್ರದಿಂದ ಮನುಷ್ಯರವರೆಗೆ ದಾರಿ ಮಾಡಿಸಿದ ಕಾನೂನು, ಮನುಷ್ಯರಿಂದ ಬಲ್ಲವರವರೆಗಿನ ದಾರಿಯನ್ನೂ ಮಾಡಿಸಬಹುದು. 90 ಸೆಕೆಂಡಿನಲ್ಲಿ ಫೋನ್ ಎತ್ತಿ 20 ನಿಮಿಷ ಏನೂ ಹೇಳದವರನ್ನು ಈಗಿನ ಅಳತೆಗೋಲು 'ಪಾಸ್' ಮಾಡುತ್ತದೆ.

ಹಿಂದೆ ಈ ದಾರಿ ತಾನಾಗಿಯೇ ಇತ್ತು. ತಾಲ್ಲೂಕು ಊರಿನ ಟೆಲಿಫೋನ್ ಎಕ್ಸ್‌ಚೇಂಜಿಗೆ ನಡೆದು ಹೋದರೆ ಜೆಟಿಒ, ಅಂದರೆ ಕಿರಿಯ ದೂರಸಂಪರ್ಕ ಅಧಿಕಾರಿ, ಸಿಗುತ್ತಿದ್ದರು, ಲೈನ್‌ಮ್ಯಾನಿಗೆ ಯಾವ ಕಂಬದ ಯಾವ ಜೋಡಿ ನಿಮ್ಮದೆಂದು ಬಾಯಿಪಾಠವಿತ್ತು. 2020ರ ಜನವರಿ 31ರಂದು ಬಿಎಸ್ಸೆನ್ನೆಲ್‌ನಿಂದ 78 ಸಾವಿರಕ್ಕೂ ಹೆಚ್ಚು ನೌಕರರು ಸ್ವಯಂನಿವೃತ್ತಿಯಲ್ಲಿ ಹೊರಬಂದರು. ಅವರ ಜತೆಗೆ ಆ ತಿಳಿವಳಿಕೆಯೂ ಹೊರಬಂತು. ಖಾಸಗಿಯವರಲ್ಲಂತೂ ಹೋಗಿ ನಿಲ್ಲಲು ಎಕ್ಸ್‌ಚೇಂಜ್ ಬಾಗಿಲೇ ಇಲ್ಲ. ಇರುವುದು ಒಂದು ನಂಬರ್, ಒಂದು ಆ್ಯಪ್.

ಇದು ಆಗದ ಮಾತೂ ಅಲ್ಲ. ಅಮೆರಿಕದ ರ್‍ಯಾಂಡಲ್ ಮನ್ರೋ 2010ರಲ್ಲಿ ತಮ್ಮ ಎಕ್ಸ್‌ಕೆಸಿಡಿ ವ್ಯಂಗ್ಯಚಿತ್ರ ಸರಣಿಯಲ್ಲಿ ಒಂದು ಕನಸು ಬರೆದರು: ಸಹಾಯವಾಣಿಗೆ ಒಂದು ಗುಪ್ತಪದ ಹೇಳಿದರೆ ಸಾಕು, ಕರೆ ನೇರವಾಗಿ ವಿಷಯ ಬಲ್ಲವರಿಗೆ ಹೋಗುತ್ತದೆ. ಚಿತ್ರದ ಕೊನೆಯಲ್ಲಿ ಅದು ಬರೀ ಕನಸಾಗಿತ್ತು. ಆದರೆ ಬ್ರಿಟನ್ನಿನ ಆಂಡ್ರ್ಯೂಸ್ ಆ್ಯಂಡ್ ಆರ್ನಾಲ್ಡ್ ಎಂಬ ಸಣ್ಣ ಇಂಟರ್ನೆಟ್ ಕಂಪನಿ, ತಮ್ಮಲ್ಲಿ ಫೋನ್ ಎತ್ತುವವರೇ ವಿಷಯ ಬಲ್ಲವರಾದ್ದರಿಂದ ಗುಪ್ತಪದವೇ ಬೇಕಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಎಲ್ಲ ಕರೆಯನ್ನೂ ಎಂಜಿನಿಯರುಗಳೇ ಎತ್ತಲಿ ಎಂದು ನಾವು ಕೇಳುತ್ತಿಲ್ಲ. ಮೊದಲ ಪರೀಕ್ಷೆಗಳು ಮುಗಿದ ಮೇಲೆ "ಬಲ್ಲವರಿಗೆ ಕೊಡಿ" ಎಂದರೆ ಕೊಡಬೇಕು, "ಹಾಗೆ ಆಗಲ್ಲ ಸರ್" ಎನ್ನಬಾರದು.

ವಿರೋಧ
ರಿಪೇರಿ ಆಗುವುದು ಕಂಬದ ಮೇಲೆ, ಫೋನಿನಲ್ಲಿ ಅಲ್ಲ

'ಆಫ್ ಮಾಡಿ ಆನ್ ಮಾಡಿ' ಎಂಬ ಮಾತನ್ನು ಗೇಲಿ ಮಾಡುವುದು ಸುಲಭ. ರೀಸ್ಟಾರ್ಟ್ ಮಾಡಿದಾಗ ರೂಟರಿನ ತುಂಬಿಕೊಂಡ ಮೆಮೊರಿ ಖಾಲಿಯಾಗುತ್ತದೆ, ಸಿಕ್ಕಿಕೊಂಡ ಲಾಗಿನ್ ಸೆಷನ್ ಹರಿದು ಹೊಸದಾಗಿ ಶುರುವಾಗುತ್ತದೆ. ಬಹಳ ಮನೆಗಳಲ್ಲಿ ಅಷ್ಟಕ್ಕೇ ಸಂಪರ್ಕ ಬರುತ್ತದೆ. ಉಳಿದ ಕರೆಗಳ ಬಣ್ಣ ಸಹಾಯವಾಣಿಯಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತು: ಗುಡಿಸುವಾಗ ಸಡಿಲಾದ ಅಡಾಪ್ಟರ್, ಮುಗಿದ ಪ್ಲಾನ್, ಟಿವಿ ಹಿಂದೆಯೋ ಕಬ್ಬಿಣದ ಬೀರುವಿನ ಪಕ್ಕದಲ್ಲೋ ಅಡಗಿ ಕೂತ ರೂಟರ್. ಅಪಾರ್ಟ್‌ಮೆಂಟುಗಳಲ್ಲಿ ಎಲ್ಲರ ವೈಫೈಯೂ 2.4 ಗಿಗಾಹರ್ಟ್ಸ್‌ನಲ್ಲಿ ಕಿತ್ತಾಡುತ್ತದೆ. ಅಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಇರುವುದೇ ಮೂರು. ಐಐಟಿಯಲ್ಲಿ ಓದಿದವರು ಫೋನ್ ಎತ್ತಿದರೂ ಮೊದಲು ಕೇಳುವುದು "ಯಾವ ದೀಪ ಉರಿಯುತ್ತಿದೆ?" ಎಂದೇ.

ಆಮೇಲೆ, ಕೆಡುವುದು ಎಲ್ಲಿ? ಬೆಂಗಳೂರಿನಲ್ಲಿ ರಸ್ತೆ ಅಗೆಯುವ ಜೆಸಿಬಿ ನೆಲದಡಿಯ ಕೇಬಲ್ ಕಿತ್ತು ಎತ್ತುತ್ತದೆ. ಕಂಬಕ್ಕೆ ಅನುಮತಿಯಿಲ್ಲದೆ ಸುತ್ತಿದ ಫೈಬರನ್ನು ಬೆಸ್ಕಾಂನವರು ಕತ್ತರಿಸಿ ಹಾಕುತ್ತಾರೆ. ಅಗೆಯುವ ಮೊದಲು ಕೇಬಲ್ ಮಾಲೀಕರಿಗೆ ತಿಳಿಸಲೆಂದೇ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ತರಬೇಕಾಯಿತು ಎಂದರೆ ರೋಗ ಎಲ್ಲಿದೆ ಎಂದು ಊಹಿಸಿಕೊಳ್ಳಿ. ಮಲೆನಾಡಿನಲ್ಲಿ ಆಷಾಢದ ಗಾಳಿಗೆ ಒಂದು ಕೊಂಬೆ ಬಿದ್ದರೆ ಕರೆಂಟ್, ಫೈಬರ್ ಎರಡೂ ಒಟ್ಟಿಗೆ ಹೋಗುತ್ತವೆ. ಮಂಗ ಕಚ್ಚಿದ ಕೇಬಲ್ಲಿನ ಲೆಕ್ಕ ಬೇರೆ. ಫೋನಿನಲ್ಲಿ ಎಷ್ಟು ಬಲ್ಲವರಿದ್ದರೂ ಆ ಎಳೆ ಕೂಡುವುದಿಲ್ಲ.

ಕೂಡಿಸುವವನು ಮಳೆಯಲ್ಲಿ ಏಣಿ ಹೊತ್ತು ಬರುವ ಹುಡುಗ. ತುಂಡಾದ ಕೇಬಲಿನ ಹೊರಸಿಪ್ಪೆ ಸುಲಿದು, ಕೂದಲೆಳೆಯಂಥ ಗಾಜನ್ನು ಸ್ಪಿರಿಟ್‌ನಲ್ಲಿ ಒರೆಸಿ, ಕ್ಲೀವರಿನಲ್ಲಿ ನೇರವಾಗಿ ಕತ್ತರಿಸಿ, ಎರಡು ತುದಿಯನ್ನೂ ಸ್ಪ್ಲೈಸಿಂಗ್ ಮಷೀನಿನಲ್ಲಿ ಎದುರುಬದುರು ಇಡುತ್ತಾನೆ. ಕೆಲವೇ ಸೆಕೆಂಡಿನಲ್ಲಿ ಮಷೀನಿನ ಕಿಡಿ ಎರಡನ್ನೂ ಬೆಸೆಯುತ್ತದೆ. ಮೇಲೆ ಸ್ಲೀವ್ ಏರಿಸಿ ಕಾಯಿಸಿ, ಪವರ್ ಮೀಟರ್ ಹಚ್ಚಿ ಅಂಕಿ ನೋಡಿ ಇಳಿಯುತ್ತಾನೆ. ತಾಂತ್ರಿಕ ನೆರವು ಎಂದರೆ ಇದು. ಸಮರ್ಥ ಸೇವೆ ಬೇಕಾದರೆ ಇವನ ಸಂಬಳ, ತರಬೇತಿ, ಮೀಟರ್, ರೇನ್‌ಕೋಟು ಸರಿಯಾಗಬೇಕು. ನಿಯಮ ಫೋನಿನ ಕಡೆ ಬೆರಳು ತೋರಿಸಿದರೆ ಕಂಪನಿಯ ದುಡ್ಡೂ ಆ ಕಡೆಗೇ ಹೋಗುತ್ತದೆ, ಇವನಿಗಲ್ಲ.

ಇಂಥ ನಿಯಮದ ಏಟು ಮೊದಲು ಬೀಳುವುದು ಯಾರ ಮೇಲೆ? ಊರಿನ ಕೇಬಲ್ ಆಪರೇಟರ್ ಮೇಲೆ. ಹಳ್ಳಿಗಳಿಗೆ ಬಿಎಸ್ಸೆನ್ನೆಲ್‌ನ ಫೈಬರ್ ಸಂಪರ್ಕ ಮುಟ್ಟಿಸುತ್ತಿರುವವರು ಬಹುಪಾಲು ಆದಾಯ ಹಂಚಿಕೆಯ ಮೇಲೆ ದುಡಿಯುವ ಸ್ಥಳೀಯ ಪಾಲುದಾರರು. ಅವರ ಕಚೇರಿ ಎಂದರೆ ಮಾಲೀಕ, ಇಬ್ಬರು ಹುಡುಗರು, ಒಂದು ಬೈಕು. ಗ್ರಾಹಕರು ನೇರವಾಗಿ ಅವರ ಮೊಬೈಲಿಗೇ ಫೋನ್ ಮಾಡುತ್ತಾರೆ:

"ಹೆಗಡೇರೆ, ನೆಟ್ ಹೋಯ್ತಲ್ಲ?"

"ಗೊತ್ತು ಮಾರಾಯ್ರೆ, ಹೊಳೆ ಆಚೆ ಮರ ಬಿದ್ದಿದೆ. ಮೆಸ್ಕಾಂನೋರು ಲೈನ್ ಆಫ್ ಮಾಡಿದ ಕೂಡ್ಲೇ ಹುಡುಗ್ರು ಹತ್ತುತಾರೆ. ಸಂಜೆ ಒಳಗೆ ಆಗ್ತದೆ."

ಏನಾಗಿದೆ, ಎಲ್ಲಾಗಿದೆ, ಯಾವಾಗ ಸರಿಯಾಗುತ್ತದೆ ಎಂಬ ಮೂರಕ್ಕೂ ಉತ್ತರ ಸಿಕ್ಕಿತು. ಈ ಹೆಗಡೆಯವರ ಬಳಿ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಇಲ್ಲ. 'ತರಬೇತಿ ಪಡೆದ ತಂತ್ರಜ್ಞರು ಸದಾ ಲೈನಿನಲ್ಲಿರಬೇಕು' ಎಂಬ ನಿಯಮ ಬಂದರೆ ಅವರು ಅಂಗಡಿ ಮುಚ್ಚಬೇಕು. ಅವರಿಗೆ ವಿನಾಯಿತಿ ಕೊಟ್ಟರೆ ನಿಯಮದಿಂದ ಹಳ್ಳಿಗೆ ಬಂದ ಲಾಭ ಸೊನ್ನೆ.

ಭಾಷೆಯ ಮಾತೂ ಇದೆ. ಇಂದು ಮೊದಲ ಹಂತದಲ್ಲಿ ಕನ್ನಡದಲ್ಲಿ ಮಾತಾಡುವವರು ಬಿಎ, ಬಿಕಾಂ ಓದಿದ ನಮ್ಮ ಹುಡುಗ ಹುಡುಗಿಯರು. ನೆಟ್‌ವರ್ಕ್ ತಂತ್ರಜ್ಞರನ್ನು ಕೂರಿಸಲೇಬೇಕು ಎಂದಾಗ ದೇಶಕ್ಕೆಲ್ಲ ಒಂದೇ ಕಡೆ ಕೂರಿಸುವುದು ಕಂಪನಿಗೆ ಅಗ್ಗ. ಆ ಕೋಣೆಯ ಭಾಷೆ ಯಾವುದಾಗುತ್ತದೆ ಎಂದು ಹೇಳಬೇಕಿಲ್ಲ. ಹಿರೇಕೆರೂರಿನ ಒಬ್ಬ ತಾಯಿಗೆ ಹಿಂದಿಯಲ್ಲಿ ಐಪಿ ವಿಳಾಸದ ಪಾಠ ಮಾಡಿದರೆ ಅದು ನೆರವಾಗುವುದಿಲ್ಲ.

ಇನ್ನು ಖರ್ಚು. ತಿಂಗಳಿಗೆ 399 ರೂಪಾಯಿಗೂ ಮನೆಗೆ ಬ್ರಾಡ್‌ಬ್ಯಾಂಡ್ ಸಿಗುವ ದೇಶ ಇದು. 18 ಪರ್ಸೆಂಟ್ ಜಿಎಸ್‌ಟಿ ಸೇರಿದರೆ ಸುಮಾರು 471. ಬ್ರಿಟನ್ನಿನ ಆ ಸಣ್ಣ ಕಂಪನಿಯ ಗ್ರಾಹಕರು ತಮಗೆ ಬೇಕಾದ್ದನ್ನು ದುಡ್ಡು ಕೊಟ್ಟು ಆರಿಸಿಕೊಂಡವರು. ನಮ್ಮಲ್ಲೂ ಲೀಸ್ಡ್ ಲೈನ್ ಹಾಕಿಸಿಕೊಂಡ ಕಚೇರಿಗಳಿಗೆ ಇಷ್ಟು ಗಂಟೆಯಲ್ಲಿ ಸರಿಪಡಿಸುತ್ತೇವೆಂಬ ಕರಾರು ಇರುತ್ತದೆ. ಬೇಕಾದವರು ಹೆಚ್ಚು ಕೊಟ್ಟು ಪಡೆಯಲಿ. ವಾಟ್ಸ್ಆ್ಯಪ್ ನೋಡುವ ಅಜ್ಜನ ಬಿಲ್ಲಿಗೆ ಅದನ್ನು ಸೇರಿಸುವುದೇಕೆ?

ಎಲ್ಲಕ್ಕಿಂತ ಮುಖ್ಯವಾಗಿ, ತಿಳಿವಳಿಕೆಯನ್ನು ಇನ್‌ಸ್ಪೆಕ್ಟರ್ ಅಳೆಯಲಾರ. ನಿಯಮ ಬಂದ ಮಾರನೆಯ ದಿನ ಅದೇ ಹುಡುಗನ ಹುದ್ದೆಯ ಹೆಸರು 'ಟೆಕ್ನಿಕಲ್ ಎಂಜಿನಿಯರ್' ಎಂದಾಗುತ್ತದೆ, ಪರದೆಯ ಮೇಲಿನ ಪ್ರಶ್ನೆ ಅದೇ ಉಳಿಯುತ್ತದೆ. ಅಳೆಯಬಹುದಾದದ್ದು ಫಲಿತಾಂಶ. ದೋಷ 3 ದಿನದ ಮೇಲೂ ಉಳಿದರೆ ಗ್ರಾಹಕರಿಗೆ ಪರಿಹಾರ ಕೊಡಬೇಕೆಂದು 2024ರ ನಿಯಮಗಳಲ್ಲಿದೆ. ಅದಕ್ಕೆ ಒಂದು ಸಾಲು ಸೇರಿಸಿ: ಒಂದು ತಿಂಗಳಲ್ಲಿ ಅದೇ ದೋಷ ಮತ್ತೆ ಬಂದರೆ ಹಳೆಯ ದೂರು ಮುಗಿದಿಲ್ಲ, ಮೊದಲ ದಿನದಿಂದಲೇ ಎಣಿಕೆ. ಆಗ ಬಲ್ಲವರನ್ನು ಎಲ್ಲಿ ಕೂರಿಸಬೇಕೆಂದು ಕಂಪನಿಗೇ ಬುದ್ಧಿ ಬರುತ್ತದೆ.

ಪರ: ಮರುಮಾತು

ದುಡ್ಡಿನ ಪೆಟ್ಟಿನಿಂದಲೇ ಬುದ್ಧಿ ಬರುವುದಾದರೆ ಎಂದೋ ಬರಬೇಕಿತ್ತು. 3ರಿಂದ 7 ಕೆಲಸದ ದಿನ ದೋಷ ಉಳಿದರೆ 7 ದಿನದ ಬಾಡಿಗೆ ಬಿಡಬೇಕೆಂದು 2006ರಲ್ಲೇ ಇತ್ತು. 399 ರೂಪಾಯಿಯ ಪ್ಲಾನಿನಲ್ಲಿ 7 ದಿನದ ಬಾಡಿಗೆ ಸುಮಾರು 93 ರೂಪಾಯಿ. ಅದಕ್ಕೆ ಹೆದರಿ ಯಾವ ಕಂಪನಿ ಎಂಜಿನಿಯರುಗಳನ್ನು ನೇಮಿಸುತ್ತದೆ? ಅದೂ ದೂರು ತೆರೆದೇ ಇದ್ದರೆ ಮಾತ್ರ. "ದೂರು ಮುಚ್ಚೋ ಒಟಿಪಿ ಹೇಳ್ಬಿಡಿ ಸರ್, ಇಲ್ಲಾಂದ್ರೆ ನನ್ನ ಇನ್ಸೆಂಟಿವ್ ಹೋಗುತ್ತೆ, ನಾಳೆ ಬಂದು ನೋಡ್ತೀನಿ" ಎಂದು ಹುಡುಗ ಅಂಗಲಾಚಿದಾಗ ಎಷ್ಟು ಮಂದಿ ಇಲ್ಲ ಎನ್ನುತ್ತಾರೆ? ಕಂಬ ಹತ್ತುವವನನ್ನು ಸರಿಯಾದ ಕಂಬಕ್ಕೆ ಕಳಿಸಲಿಕ್ಕಾದರೂ ಫೋನಿನಲ್ಲಿ ಬಲ್ಲವರು ಬೇಕು. ಹೆಗಡೆಯವರ ಉದಾಹರಣೆ ನಮ್ಮ ವಾದವನ್ನೇ ಗಟ್ಟಿ ಮಾಡುತ್ತದೆ: ಅಲ್ಲಿ ಫೋನ್ ಎತ್ತಿದವರಿಗೆ ಲೈನ್ ಗೊತ್ತಿತ್ತು. ಸರ್ಟಿಫಿಕೇಟ್ ಬೇಡ ಬಿಡಿ. ಲೈನಿನ ಅಂಕಿಯನ್ನು ನೋಡುವ ಅವಕಾಶವೂ, ನೋಡಿದರೆ ಅರ್ಥವಾಗುವ ತಿಳಿವಳಿಕೆಯೂ ಇರುವವರು ಸಾಕು. ಕನ್ನಡದಲ್ಲೇ ಮಾತಾಡಬೇಕೆಂದು ಆ ನಿಯಮದಲ್ಲೇ ಬರೆಯಿರಿ, ನಮ್ಮ ಕೈಯೂ ಅದಕ್ಕೇ ಏಳುತ್ತದೆ.

ವಿರೋಧ: ಮರುಮಾತು

93 ರೂಪಾಯಿ ಪೆಟ್ಟಲ್ಲ ಎನ್ನುವುದು ನಿಜ. ಅದಕ್ಕೆ ಮದ್ದು ಮೊತ್ತ ಏರಿಸುವುದು. ಗ್ರಾಹಕರು ಅರ್ಜಿ ಹಾಕದೆಯೇ ಮುಂದಿನ ಬಿಲ್ಲಿನಲ್ಲಿ ತಾನಾಗಿ ಕಳೆದು ಬರುವಂತೆ ಮಾಡುವುದು. ಒಟಿಪಿಯ ಕಾಟಕ್ಕೂ ಅದೇ ಉತ್ತರ: ಹುಡುಗನ ಇನ್ಸೆಂಟಿವ್ ದೂರು ಮುಚ್ಚಿದ್ದಕ್ಕೆ ಸಿಗಬಾರದು, ಒಂದು ತಿಂಗಳು ಅದೇ ಮನೆಯಿಂದ ಅದೇ ದೂರು ಬರದಿದ್ದರೆ ಸಿಗಬೇಕು. ಒಂದು ಮಾತು ಒಪ್ಪುತ್ತೇವೆ. ಅದೇ ದೂರಿಗೆ ಎರಡನೇ ಸಲ ಫೋನ್ ಮಾಡಿದವರಿಗೆ ಮತ್ತೆ 'ಆಫ್ ಮಾಡಿ ಆನ್ ಮಾಡಿ' ಎನ್ನುವುದು ಅವಮಾನ. ಆ ಕರೆ ನೇರವಾಗಿ ಮೇಲಿನ ಹಂತಕ್ಕೇ ಹೋಗಲಿ. ಲೈನಿನ ಅಂಕಿಯನ್ನು ಆ್ಯಪ್‌ನಲ್ಲಿ ಗ್ರಾಹಕರಿಗೇ ತೋರಿಸಲಿ, ಮುಚ್ಚಿಡಲು ಅದರಲ್ಲಿ ಗುಟ್ಟೇನಿದೆ? ಆದರೆ ಎಲ್ಲರಿಗೂ, ಎಲ್ಲ ಕರೆಗೂ, ಕೇಳಿದ ತಕ್ಷಣ ಎಂಬ ಹಕ್ಕನ್ನು ಕಾನೂನಿನಲ್ಲಿ ಬರೆದರೆ ಮೊದಲು ಅದನ್ನು ಬಳಸಿಕೊಳ್ಳುವವರು ಜೋರಾಗಿ ಮಾತಾಡಬಲ್ಲವರು. ಪಿಂಗ್ ಎಂದರೇನೆಂದು ಗೊತ್ತಿಲ್ಲದ, "ಬಲ್ಲವರಿಗೆ ಕೊಡಿ" ಎನ್ನಲು ಅಂಜುವ ಗ್ರಾಹಕರು ಸಾಲಿನಲ್ಲಿ ಇನ್ನೂ ಹಿಂದಕ್ಕೆ ಹೋಗುತ್ತಾರೆ. ಫೋನಿನಲ್ಲಿ ಯಾರು ಮಾತಾಡಿದರು ಎಂಬುದನ್ನು ಬಿಟ್ಟು, ಲೈನ್ ಎಷ್ಟು ದಿನ ಸರಿಯಾಗಿ ನಿಂತಿತು ಎಂದು ಅಳೆದರೆ ಅವರಿಗೂ ಇವರಿಗೂ ಸಿಗುವ ನ್ಯಾಯ ಒಂದೇ.